ಸ್ವಲ್ಪ ಕೆಲಸ ಇದೆ, ಬರ್ತೀಯಾ?

2024ರಲ್ಲಿ ಮಗಳ ಮದುವೆ ಗೊತ್ತಾದಾಗ ಅವಳು ಒಂದು ಬೇಡಿಕೆ ಇಟ್ಟಳು. "ಅಮ್ಮಾ, ನೀನೂ ಅಪ್ಪನೂ ಸುತ್ತಾಡಿದ ಫೋಟೋ ಎಲ್ಲ ಕೊಡು. ಆರತಕ್ಷತೆ ದಿನ ಪರದೆ ಮೇಲೆ ಹಾಕಿಸ್ತೀನಿ." ಟ್ರಂಕು ತೆಗೆದು ಹುಡುಕಿದೆ. ಸಿಕ್ಕಿದ್ದು ಹನ್ನೊಂದು ಫೋಟೋ. ಅದರಲ್ಲಿ ಏಳರಲ್ಲಿ ನಮ್ಮ ಜೊತೆ ಒಂದು ಮೋಟಾರು ಇತ್ತು.

ಮೋಟಾರು ಅಂದರೆ ಕಾರಲ್ಲ, ನೀರೆತ್ತುವ ಮೋಟಾರು. ನಮ್ಮೆಜಮಾನರಿಗೆ ಹಾಸನದಲ್ಲಿ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರು ಬಿಚ್ಚಿ, ಕಪ್ಪಾದ ತಾಮ್ರದ ತಂತಿ ಕಿತ್ತು, ಹೊಸ ಕಾಯಿಲ್ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವ ಕೆಲಸ. ಮೂವತ್ತು ವರ್ಷದಿಂದ ನಮ್ಮ ಮನೆಯ ಟವೆಲುಗಳಿಗೆ ವಾರ್ನಿಷ್ ವಾಸನೆ. ಎಷ್ಟು ಒಗೆದರೂ ಹೋಗುವುದಿಲ್ಲ. ನಾನೂ ಒಗೆಯುವುದು ಬಿಟ್ಟಿಲ್ಲ.

ಈ ಮನುಷ್ಯ ಇವತ್ತಿನವರೆಗೆ ಒಂದು ಸಲವೂ "ಟೂರ್ ಹೋಗೋಣ" ಅಂದಿಲ್ಲ. ಅವರ ಬಾಯಲ್ಲಿ ಬರುವುದು ಒಂದೇ ಮಾತು. "ಆ ಕಡೆ ಸ್ವಲ್ಪ ಕೆಲಸ ಇದೆ, ಬರ್ತೀಯಾ?"

ನಾನು ಕಡೂರಿನ ಕಡೆಯವಳು. ಚಿಕ್ಕಮಗಳೂರು ಜಿಲ್ಲೆಯವಳು ಅಂದ ತಕ್ಷಣ ಎಲ್ಲರೂ ಕಾಫಿ ತೋಟ, ಮಂಜು, ಜಡಿಮಳೆ ಅಂದುಕೊಳ್ಳುತ್ತಾರೆ. ನಮ್ಮ ಕಡೂರು ಆ ಲೆಕ್ಕಕ್ಕೆ ಸೇರಿದ್ದಲ್ಲ. ಅದು ಬಯಲುಸೀಮೆ. ತೆಂಗು, ರಾಗಿ, ಧೂಳು, ರೈಲು ಸ್ಟೇಷನ್ನು. 1995ರ ಮೇ ತಿಂಗಳಲ್ಲಿ ಮದುವೆಯಾಗಿ ಹಾಸನಕ್ಕೆ ಬಂದಾಗ ನಾನು ಕಾಫಿ ಗಿಡವನ್ನು ಹತ್ತಿರದಿಂದ ನೋಡಿಯೂ ಇರಲಿಲ್ಲ. ಕುಡಿಯುತ್ತಿದ್ದೆ ಅಷ್ಟೇ. ಅದೂ ಚಿಕೋರಿ ಜಾಸ್ತಿ ಇದ್ದದ್ದು.

ಮದುವೆಯಾಗಿ ಒಂಬತ್ತು ತಿಂಗಳಿಗೆ, 1996ರ ಫೆಬ್ರವರಿಯಲ್ಲಿ, ಮೊದಲ ಸಲ ಆ ಮಾತು ಬಂತು. ಸಕಲೇಶಪುರದ ಆಚೆ ಒಂದು ಎಸ್ಟೇಟಿನಲ್ಲಿ ಮೋಟಾರು ಸುಟ್ಟಿತ್ತು. ಸಕಲೇಶಪುರ ಹಾಸನದಿಂದ ಸುಮಾರು 40 ಕಿಲೋಮೀಟರ್. ಜೀಪು ಕಳಿಸಿ ಮೋಟಾರನ್ನು ಅಂಗಡಿಗೇ ತಂದು ಹಾಕಿದ್ದರು. ಇವರು ಎರಡು ದಿನ ಊಟ ಮರೆತು ಸುತ್ತಿ ಮುಗಿಸಿದರು. "ಕೂರಿಸಿ ಬರ್ಬೇಕು. ಒಂದು ರಾತ್ರಿ ಕೆಲಸ. ಬರ್ತೀಯಾ?" ಅಂದರು. ಹೊಸ ಹೆಂಡತಿಯನ್ನು ರಾತ್ರಿ ಪಂಪ್‌ಹೌಸಿಗೆ ಕರೆದುಕೊಂಡು ಹೋಗುವ ಗಂಡ ಜಗತ್ತಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ನಾನು ಒಳ್ಳೆ ಸೀರೆ ಉಟ್ಟುಕೊಂಡು ಜೀಪು ಹತ್ತಿದೆ. ಹಿಂದಿನ ಸೀಟಿನಲ್ಲಿ ನಾನು, ಕಾಲ ಬುಡದಲ್ಲಿ ಮೋಟಾರು.

ರಾತ್ರಿಯೇ ಯಾಕೆ ಅಂತ ಆಮೇಲೆ ಗೊತ್ತಾಯಿತು. ತ್ರೀ ಫೇಸ್ ಕರೆಂಟು ಆ ಕಡೆ ಬರುತ್ತಿದ್ದದ್ದೇ ರಾತ್ರಿ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಗಿಡಕ್ಕೆ ಒಂದು ಹದ ನೀರು ಬೀಳಬೇಕು. ಬಿದ್ದರೆ ಮಾತ್ರ ಮೊಗ್ಗು ಅರಳುತ್ತದೆ. ಆಕಾಶದಿಂದ ಬಂದರೆ ಅದು ಹೂ ಮಳೆ. ಬರದಿದ್ದರೆ ಹಳ್ಳದಿಂದಲೋ ಕೆರೆಯಿಂದಲೋ ನೀರೆತ್ತಿ ಸ್ಪ್ರಿಂಕ್ಲರ್ ಹೊಡೆಯಬೇಕು. ಆ ಹದಿನೈದು ಇಪ್ಪತ್ತು ದಿನದಲ್ಲಿ ಮೋಟಾರು ಕೈಕೊಟ್ಟರೆ ವರ್ಷದ ಬೆಳೆಗೇ ಪೆಟ್ಟು. ಹಾಗಾಗಿ ಶಿವರಾತ್ರಿ ಹಿಂದುಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಜಾಗರಣೆ.

ಹಳ್ಳದ ಪಕ್ಕದ ಪಂಪ್‌ಹೌಸು. ಇವರು ಬೋಲ್ಟು ಬಿಗಿಯುತ್ತಿದ್ದರು, ನಾನು ಟಾರ್ಚ್ ಹಿಡಿದಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಂದು ಕಡೆ ಕೂತು ಬೀಡಿ ಸೇದುತ್ತಿದ್ದರು. ನಡುಗುವ ಚಳಿ. "ಬೆಳಕು ಅಲ್ಲಾಡಿಸಬೇಡ" ಅಂತ ಇವರು ಮೂರು ಸಲ ಗದರಿದರು. ನನಗೆ ಅಳು ಬರುವಂತಾಯಿತು. ಹನ್ನೊಂದೂವರೆ ಸುಮಾರಿಗೆ ಸ್ಟಾರ್ಟರ್ ಒತ್ತಿದರು. ಮೋಟಾರು ಒಂದು ಸಲ ಗುರ್ ಅಂದು ಓಡಲು ಶುರುಮಾಡಿತು. ಸ್ವಲ್ಪ ಹೊತ್ತಿಗೆ ದೂರದ ಗುಡ್ಡದ ಮೇಲೆ, ಕತ್ತಲಲ್ಲಿ, ಚಕ್ ಚಕ್ ಚಕ್ ಅಂತ ಸ್ಪ್ರಿಂಕ್ಲರಿನ ಸದ್ದು. ಇವರು ಕೈ ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕರು. ಅಷ್ಟು ದೊಡ್ಡ ನಗು ನಮ್ಮ ಮದುವೆ ಫೋಟೋದಲ್ಲೂ ಇಲ್ಲ.

ಒಂಬತ್ತು ದಿನ ಬಿಟ್ಟು ದುಡ್ಡು ತರಲು ಹೊರಟರು. "ಬರ್ತೀಯಾ?" ಅಂದರು. ಇನ್ನು ಟಾರ್ಚ್ ಹಿಡಿಯಲ್ಲ ಅಂತ ಹೇಳಿಯೇ ಹೋದೆ. ಎಸ್ಟೇಟಿನ ಗೇಟು ದಾಟುವ ಮೊದಲೇ ಮಲ್ಲಿಗೆ ವಾಸನೆ. ತಿರುವು ದಾಟಿದರೆ ಇಡೀ ಗುಡ್ಡ ಬೆಳ್ಳಗೆ. ಒಂದೊಂದು ರೆಕ್ಕೆಯ, ಅಂದರೆ ಕೊಂಬೆಯ, ಮೇಲೂ ಹೂವು ಒತ್ತೊತ್ತಾಗಿ ಕೂತು ಎಲೆಯೇ ಕಾಣುತ್ತಿರಲಿಲ್ಲ. ಅಷ್ಟು ಹೂವಿನ ನಡುವೆ ಜೇನಿನ ಗುಂಯ್ ಅನ್ನುವ ಸದ್ದು, ನಮ್ಮ ಮೋಟಾರಿನ ಸದ್ದಿನ ಹಾಗೇ. ಎರಡು ಮೂರು ದಿನ ಅಷ್ಟೇ ಈ ಹೂವಿನ ಆಯುಸ್ಸು. ಆಮೇಲೆ ಕಂದಾಗಿ ಉದುರುತ್ತದೆ. ಇವರಿಗೆ ಆ ಲೆಕ್ಕ ಗೊತ್ತಿತ್ತು. ದುಡ್ಡು ತರಲು ಒಂಬತ್ತನೇ ದಿನವನ್ನೇ ಯಾಕೆ ಆರಿಸಿಕೊಂಡರು ಅಂತ ನನಗೆ ಹೊಳೆದದ್ದು ವರ್ಷಗಳ ಮೇಲೆ. ಆ ಹೊತ್ತಿಗೆ ನಾನು ಪ್ಲಾಂಟರು ಕೊಡಬೇಕಿದ್ದ ಬಾಕಿಯ ಲೆಕ್ಕ ಹಾಕುತ್ತಿದ್ದೆ.

ಅದೇ ವರ್ಷ ಇನ್ನೊಂದು ಆಸೆ ಇತ್ತು. ಹಾಸನದಿಂದ ಮಂಗಳೂರಿಗೆ ಆಗ ಮೀಟರ್‌ಗೇಜ್ ರೈಲು. ಘಾಟಿಯಲ್ಲಿ ಸುರಂಗ, ಸೇತುವೆ, ಜಲಪಾತ ಅಂತ ಎಲ್ಲರೂ ಹೇಳುತ್ತಿದ್ದರು. ರೈಲು ಸ್ಟೇಷನ್ ಇದ್ದ ಊರಿನ ಹುಡುಗಿಗೆ ರೈಲು ಅಂದರೆ ಕೇಳಬೇಕಾ? "ಮುಂದಿನ ತಿಂಗಳು ಹೋಗೋಣ" ಅಂದರು. ಮುಂದಿನ ತಿಂಗಳು ಯಾರದೋ ಮೋಟಾರು. ಆಮೇಲೆ ಬ್ರಾಡ್‌ಗೇಜ್ ಮಾಡುತ್ತೇವೆ ಅಂತ ಆ ದಾರಿಯನ್ನೇ ಮುಚ್ಚಿದರು. ಅದೂ 1996ರಲ್ಲೇ. ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಪ್ರತಿ ಜಗಳದಲ್ಲೂ ಆ ರೈಲು ಬಂದುಹೋಗುತ್ತಿತ್ತು.

ಮದುವೆಯಾದ ವರ್ಷ ಅತ್ತೆ ನನ್ನನ್ನು ಹಾಸನಾಂಬೆಯ ಗುಡಿಗೆ ಕರೆದುಕೊಂಡು ಹೋಗಿದ್ದರು. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಬಾಗಿಲು ತೆರೆದರೆ ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತಾರೆ. ಆಮೇಲೆ ದೇವಿ ಕಾಣುವುದು ಮುಂದಿನ ವರ್ಷವೇ. ಮುಚ್ಚುವಾಗ ಹಚ್ಚಿಟ್ಟ ದೀಪ ಮತ್ತೆ ತೆರೆಯುವಾಗಲೂ ಉರಿಯುತ್ತಿರುತ್ತದೆ ಅಂತ ನಂಬಿಕೆ. ಗುಡಿಯೊಳಗೆ ಒಂದು ಸೊಸೆ ಕಲ್ಲು ಇದೆ. ದೇವಿಯ ಮುಂದೆ ಕೈಮುಗಿದು ನಿಂತಿದ್ದ ಸೊಸೆಗೆ ಅತ್ತೆ ಹೊಡೆದಳಂತೆ, ನೋವಿಗೆ ಸೊಸೆ "ಅಮ್ಮಾ" ಅಂದಳಂತೆ, ದೇವಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇರಿಸಿಕೊಂಡಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಹೊಸ ಸೊಸೆಗೆ ಈ ಕಥೆಯನ್ನು ಅತ್ತೆಯೇ ಹೇಳುವುದು ಅಂದರೆ ಹೇಗಿರಬೇಡ! ಕಥೆ ಮುಗಿಸಿ ನನ್ನ ಮುಖ ನೋಡಿ, "ಹೆದರ್ಕೋಬೇಡ ಕಣವ್ವಾ, ನಂಗೆ ಕೈ ನೋವು" ಅಂದರು. ಮೊನ್ನೆ ಅಕ್ಕಿ ಆರಿಸುವಾಗ ಸುಮ್ನೆ ಮೂವತ್ತು ಕಾಳು ಎಣಿಸಿ ಮೊರದಲ್ಲಿ ಉದ್ದಕ್ಕೆ ಜೋಡಿಸಿ ನೋಡಿದೆ. ಒಂದು ಗೇಣು ಕೂಡ ತುಂಬಲಿಲ್ಲ.

ಮಗಳು ಹುಟ್ಟಿದ್ದು 1998ರ ಸೆಪ್ಟೆಂಬರಿನಲ್ಲಿ. ಇವರು ಅರಕಲಗೂಡು ಕಡೆ ಬೋರ್‌ವೆಲ್ ಕೆಲಸಕ್ಕೆ ಹೋಗಿದ್ದರು. ಸುದ್ದಿ ತಲುಪಿದಾಗ ಕೊನೆಯ ಬಸ್ಸು ಹೋಗಿಯಾಗಿತ್ತು. ಆಲೂಗೆಡ್ಡೆ ಕೀಳುವ ಕಾಲ. ಹಾಸನದ ಮಾರುಕಟ್ಟೆಗೆ ಬರುತ್ತಿದ್ದ ಲಾರಿಯಲ್ಲಿ ಮೂಟೆಗಳ ಮೇಲೆ ಕೂತು ಬಂದರು. ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣು. ನರ್ಸಮ್ಮ ಒಳಗೆ ಬಿಡಲಿಲ್ಲ, ಸ್ನಾನ ಮಾಡಿ ಬನ್ನಿ ಅಂದರು. ಮಗಳಿಗೆ ಒಳ್ಳೆಯ ಹೆಸರೇ ಇಟ್ಟೆವು. ಆದರೆ ಮನೆಯಲ್ಲಿ ಅವಳು ಇವತ್ತಿಗೂ ಗೆಡ್ಡೆ.

ಆಮೇಲಿನ ನಾಲ್ಕೈದು ವರ್ಷ ಚೆನ್ನಾಗಿರಲಿಲ್ಲ. 2001ರ ಹೊತ್ತಿಗೆ ಕಾಫಿ ದರ ನೆಲ ಕಚ್ಚಿತು. ವಿಯೆಟ್ನಾಂನಲ್ಲಿ ವಿಪರೀತ ಬೆಳೆದರು, ಇಲ್ಲಿ ನಮ್ಮ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಯಿತು. ತೋಟದವರಿಗೇ ದುಡ್ಡಿಲ್ಲ, ನಮಗೆಲ್ಲಿಂದ ಕೊಡುತ್ತಾರೆ? ಒಬ್ಬರು ದುಡ್ಡಿನ ಬದಲು ಅರ್ಧ ಮೂಟೆ ಮೆಣಸು ಕೊಟ್ಟರು. ಇನ್ನೊಬ್ಬರು ಕಿತ್ತಳೆ. ಒಂದು ಮನೆಯಿಂದ ಜೇನುತುಪ್ಪ ಬಂತು, ಅದರ ಹಿಂದೆಯೇ ಇನ್ನೊಂದು ಸುಟ್ಟ ಮೋಟಾರೂ ಬಂತು. ಸೈಟು ತೆಗೆದುಕೊಳ್ಳಲು ಕೂಡಿಟ್ಟ ದುಡ್ಡು ತಾಮ್ರದ ತಂತಿಗೆ ಹೋಯಿತು.

2002ರಲ್ಲಿ ಇರಬೇಕು, ಚಿಕ್ಕಮಗಳೂರಿನ ಆಚೆ ಒಂದು ತೋಟದಿಂದ ಬಾಕಿ ಬರಬೇಕಿತ್ತು. "ಕೆಲಸ ಇದೆ, ಬರ್ತೀಯಾ?" ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಸ್ಕೂಟರಿನಲ್ಲಿ ಹೋದೆವು. ಮಾಲೀಕರು ಊರಲ್ಲಿಲ್ಲ. ವಾಪಸ್ ಬರುವುದು ಬಿಟ್ಟು ಇವರು ಸ್ಕೂಟರನ್ನು ಗಿರಿಯ ಕಡೆ ತಿರುಗಿಸಿದರು. ಕೈಮರ ದಾಟಿದ ಮೇಲೆ ಮಂಜು. ಹತ್ತು ಮಾರು ಆಚೆ ರಸ್ತೆ ಕಾಣುತ್ತಿಲ್ಲ. ಬಾಬಾಬುಡನ್‌ಗಿರಿಯಲ್ಲಿ ನಿಂತು ಇವರು ಕಥೆ ಶುರುಮಾಡಿದರು. ಯೆಮನ್ನಿನ ಮೋಕಾದಿಂದ ಬಾಬಾಬುಡನ್ ಏಳು ಕಾಫಿ ಬೀಜ ಬಚ್ಚಿಟ್ಟು ತಂದದ್ದು, 1670ರ ಸುಮಾರಿಗೆ ಇಲ್ಲೇ ಬಿತ್ತಿದ್ದು, ದೇಶದ ಕಾಫಿ ಎಲ್ಲ ಅಲ್ಲಿಂದಲೇ ಶುರುವಾದದ್ದು.

ನನಗೆ ರೇಗಿತು. "ಆ ಏಳು ಬೀಜ ಅವರು ಅಲ್ಲೇ ಬಿಟ್ಟು ಬಂದಿದ್ರೆ ನಾವು ಇವತ್ತು ಹೀಗೆ ಬೇಡೋಕೆ ಬರ್ತಿರಲಿಲ್ಲ. ಪೆಟ್ರೋಲ್ ಯಾರು ಹಾಕಿಸ್ತಾರೆ?" ಅಂದೆ. ಇನ್ನೂ ಏನೇನೋ ಅಂದೆ. ಬರೆಯುವಂಥದ್ದಲ್ಲ. ಇವರು ಒಂದು ಮಾತೂ ಆಡದೆ ಸ್ಕೂಟರ್ ಸ್ಟಾರ್ಟ್ ಮಾಡಿದರು.

ಬೇಲೂರಿನವರೆಗೆ ಇಬ್ಬರೂ ಮೌನ. ಅಲ್ಲಿ ಗಾಡಿ ನಿಲ್ಲಿಸಿ ಗುಡಿಯೊಳಗೆ ನಡೆದರು, ನಾನು ಹಿಂದೆ. ಎಲ್ಲರೂ ದರ್ಪಣ ಸುಂದರಿಯ ಮುಂದೆ ನಿಂತಿದ್ದರೆ ಇವರು ಒಳಗಿನ ಕಂಬದ ಮುಂದೆ ನಿಂತರು. ಬೆರಳಿನಿಂದ ಅದರ ಉಂಗುರಗಳನ್ನು ಸವರಿದರು. "ಲೇತಿಗೆ ಹಾಕಿ ತಿರುಗಿಸಿದ್ದು. ಇಲ್ಲಾಂದ್ರೆ ಇಷ್ಟು ದುಂಡಗೆ ಬರಲ್ಲ. ಇಷ್ಟು ಭಾರದ ಕಲ್ಲು ತಿರುಗಿಸೋಕೆ ಏನು ಕಟ್ಟಿದ್ರೋ? ಯಾವ ಬೇರಿಂಗು?" ನನಗೆ ಹೇಳಿದ್ದಲ್ಲ, ಕಂಬಕ್ಕೆ ಹೇಳಿದ್ದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಬಳಪದ ಕಲ್ಲು, ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು, ಅಂತ ಪಕ್ಕದಲ್ಲಿ ಗೈಡ್ ಯಾರಿಗೋ ಹೇಳುತ್ತಿದ್ದ. ಎಮ್ಮೆಯೋ ಆನೆಯೋ ಕಟ್ಟಿ ತಿರುಗಿಸಿರಬೇಕು ಅಂದೆ ನಾನು. ಇವರು ಗಂಭೀರವಾಗಿ ಯೋಚಿಸಿ, "ಆನೆ ಸ್ಪೀಡ್ ಸಮ ಇರಲ್ಲ" ಅಂದರು. ಜಗಳ ಅಲ್ಲಿಗೆ ಮುಗಿಯಿತು. ಬಾಕಿ ಮಾತ್ರ ಬರಲೇ ಇಲ್ಲ.

ಇವರ 'ಕೆಲಸ' ಎಲ್ಲ ಸಲವೂ ಕೆಲಸ ಅಲ್ಲ ಅಂತ ಗೊತ್ತಾಗಿದ್ದು ಗೊರೂರಿನಲ್ಲಿ. ನಮ್ಮತ್ತೆಯ ತವರು ಹೇಮಾವತಿ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಒಂದು. 1979ರಲ್ಲಿ ಅಣೆಕಟ್ಟೆ ಮುಗಿದಾಗ ಹೊಲ, ಮನೆ, ಕಣ ಎಲ್ಲ ಒಳಗೆ ಹೋಯಿತು. ಅತ್ತೆ ಅದರ ಮಾತು ಎತ್ತುತ್ತಲೇ ಇರಲಿಲ್ಲ. ಒಂದು ಏಪ್ರಿಲಿನಲ್ಲಿ ಇವರು ಯಾರದೋ ಓಮ್ನಿ ತಂದು, "ಗೊರೂರು ಕಡೆ ಕೆಲಸ ಇದೆ, ಅವ್ವನೂ ಬರಲಿ" ಅಂದರು. ದಾರಿಯಲ್ಲಿ ಹಿಂದೆ ತಿರುಗಿ ನೋಡುತ್ತೇನೆ, ಸ್ಪ್ಯಾನರ್ ಚೀಲವೇ ಇಲ್ಲ. ನಾನು ಏನೂ ಕೇಳಲಿಲ್ಲ.

ಗಾಡಿ ನಿಂತದ್ದು ಶೆಟ್ಟಿಹಳ್ಳಿಯ ಚರ್ಚಿನ ಹತ್ತಿರ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬುಡದವರೆಗೆ ಕಾಣುತ್ತದೆ. ಈಗ ಅಲ್ಲಿ ಮದುವೆ ಫೋಟೋ ತೆಗೆಸಲು ಜೋಡಿಗಳು ಬರುತ್ತವೆ. ಆಗ ದನ ಕಾಯುವ ಹುಡುಗರು ಬಿಟ್ಟರೆ ಯಾರೂ ಇರಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ಬಿರುಕುಬಿಟ್ಟ ಹೂಳಿನ ಮೇಲೆ ನಡೆದರು. ಸೂರಿಲ್ಲದ ಗೋಡೆಗಳ ಕಡೆ ತಲೆಯೆತ್ತಿ, "ಇದರ ಗಂಟೆ ಕೇಳಿದ್ ಮೇಲೆ ನಾವು ಹೊಲದಿಂದ ಏಳ್ತಿದ್ದೋ" ಅಂದರು. ಆಮೇಲೆ ಚರ್ಚಿಗೆ ಬೆನ್ನು ಹಾಕಿ ನಿಂತು ನೀರಿನ ಕಡೆ ಕೈ ತೋರಿಸಿದರು. "ಅಗೋ, ಆ ನೇರಕ್ಕೆ. ಅಲ್ಲಿ ಹುಣಸೆಮರ. ಅದರ ಪಕ್ಕ ನಮ್ಮ ಕಣ." ಅಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ಮಗಳು, ನಾಲ್ಕು ವರ್ಷದವಳು, "ಎಲ್ಲಜ್ಜಿ, ಎಲ್ಲಿ?" ಅಂತ ಕೇಳುತ್ತಲೇ ಇದ್ದಳು. ಅಜ್ಜಿ ತೋರಿಸುತ್ತಲೇ ಇದ್ದರು.

ಆಮೇಲೆ ಪ್ರತಿ ಬೇಸಿಗೆಯಲ್ಲೂ ಇವರಿಗೆ ಗೊರೂರು ಕಡೆ ಕೆಲಸ ಬೀಳುತ್ತಿತ್ತು. 2014ರಲ್ಲಿ ಅತ್ತೆ ಹೋದರು. ಆ ಬೇಸಿಗೆಯೂ ಹೋದೆವು.

ಇನ್ನೊಂದು ಜಾಗ ದೊಡ್ಡಗದ್ದವಳ್ಳಿ. ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆ ಪಕ್ಕ, ತೆಂಗಿನ ಮರಗಳ ನಡುವೆ ಲಕ್ಷ್ಮೀದೇವಿಯ ಗುಡಿ. ನಮ್ಮ ಮದುವೆಗೆ ಹತ್ತು ವರ್ಷ ತುಂಬಿದ ದಿನ ಅಲ್ಲಿಯ ತೋಟವೊಂದರಲ್ಲಿ ನಿಜವಾಗಲೂ ಪಂಪಿನ ಫುಟ್‌ವಾಲ್ವ್ ಕೆಲಸ ಇತ್ತು. ಅದು ಮುಗಿಸಿ ಗುಡಿಯ ಜಗಲಿಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಈ ಗುಡಿಯನ್ನು ಕಟ್ಟಿಸಿದ್ದು ರಾಜನಲ್ಲ. ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ, 1114ರ ಹೊತ್ತಿಗೆ, ಅಂದರೆ ಬೇಲೂರಿಗಿಂತ ಮೊದಲೇ. ನಾಲ್ಕು ಗರ್ಭಗುಡಿ. ಕಾಳಿಯ ಬಾಗಿಲಲ್ಲಿ ಮೂಳೆ ಬಿಟ್ಟುಕೊಂಡ ಬೇತಾಳಗಳು. ಬೇಲೂರಿನಷ್ಟು ಕುಸುರಿ ಇಲ್ಲ. ನನಗೆ ಇದೇ ಇಷ್ಟ. ಅಂಗಡಿ ಇಟ್ಟ ಗಂಡ, ಲೆಕ್ಕ ನೋಡುವ ಹೆಂಡತಿ, ಇಬ್ಬರೂ ಕೂತು ಗುಡಿಗೆ ಎಷ್ಟು ಎತ್ತಿಡುವುದು ಅಂತ ಎಷ್ಟು ರಾತ್ರಿ ಜಗಳ ಆಡಿದರೋ! ನನಗೆ ಕಾಣುವುದು ಅದೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದಾಗ ಊರೆಲ್ಲ ಸಂಭ್ರಮ. ಆ ಪಟ್ಟಿಯಲ್ಲಿ ದೊಡ್ಡಗದ್ದವಳ್ಳಿ ಇಲ್ಲ. ಹೇಳಬಾರದು, ಆದರೂ ಒಳಗೊಳಗೇ ಖುಷಿಯಾಯಿತು. ಬುತ್ತಿ ಬಿಚ್ಚಲು ನಮಗೊಂದು ಜಾಗ ಉಳಿಯಿತು.

ಇವರು ಬಾರದೇ ಇದ್ದ ಪ್ರವಾಸವೂ ಒಂದಿದೆ. ಶ್ರವಣಬೆಳಗೊಳದಲ್ಲಿ 2006ರ ಮಹಾಮಸ್ತಕಾಭಿಷೇಕ. ಹನ್ನೆರಡು ವರ್ಷಕ್ಕೊಮ್ಮೆ, ಅದೂ ನೋಡಿ, ಫೆಬ್ರವರಿಯಲ್ಲಿ. ಸ್ಪ್ರಿಂಕ್ಲರ್ ಕಾಲ. ಅಂಗಡಿ ಮುಂದೆ ಮೋಟಾರುಗಳ ಸಾಲು. "ನೀವು ಹೋಗಿಬನ್ನಿ" ಅಂದರು. ನಾನು, ಅತ್ತೆ, ಮಗಳು ಬಸ್ಸಿನಲ್ಲಿ ಹೋದೆವು. ಬಂಡೆಯಲ್ಲಿ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಮಂಡಿ ಹಿಡಿದುಕೊಂಡೇ ಅತ್ತೆ ಹತ್ತಿದರು. 58 ಅಡಿ ಗೊಮ್ಮಟನ ಮೇಲೆ ಹಾಲು ಇಳಿಯಿತು, ಕಬ್ಬಿನ ಹಾಲು ಇಳಿಯಿತು, ಅರಿಶಿನ ಇಳಿದಾಗ ಇಡೀ ಮೈ ಚಿನ್ನ. ಅತ್ತೆಗೆ ಅದಕ್ಕಿಂತ ಹಿಡಿಸಿದ್ದು ಗುಳ್ಳಕಾಯಜ್ಜಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಪಾದ ಮುಟ್ಟಲಿಲ್ಲ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲಿಗೆ ಮೂರ್ತಿ ಪೂರ್ತಿ ತೊಯ್ದಿತು ಅನ್ನುವ ಕಥೆ. "ದೊಡ್ಡೋರ ಕೊಡಕ್ಕಿಂತ ನಮ್ಮ ಲೋಟ ವಾಸಿ" ಅಂದರು. ಸಂಜೆ ಮನೆಗೆ ಬಂದರೆ ಇವರು ಅಂಗಡಿಯಲ್ಲೇ. ನಾನು ಎರಡು ದಿನ ಮಾತಾಡಲಿಲ್ಲ.

2007ರ ಕೊನೆಗೆ ರೈಲು ಬಂತಲ್ಲ, ಮುಂದಿನ ವರ್ಷ ಬೇಸಿಗೆ ರಜೆಯಲ್ಲಿ ಇವರು ಟಿಕೆಟ್ ತಂದು ಮುಂದಿಟ್ಟರು. ಹನ್ನೊಂದು ವರ್ಷದ ಬಾಕಿ ತೀರಿಸುವ ಗತ್ತು. ತೆಗೆದು ನೋಡಿದರೆ ರಾತ್ರಿ ರೈಲು! ಮೊದಲು ಬಿಟ್ಟದ್ದು ಅದನ್ನೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. 50 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವಷ್ಟು ಇಳಿಜಾರು. ಕಿಟಕಿಯ ಹೊರಗೆ ಕಪ್ಪು ಬಿಟ್ಟು ಏನೂ ಕಾಣಲಿಲ್ಲ.

ಆಗ ಮಗಳು ಒಂದು ಆಟ ಕಂಡುಹಿಡಿದಳು. ಸುರಂಗದೊಳಗೆ ರೈಲಿನ ಸದ್ದು ಗಟ್ಟಿಯಾಗುತ್ತದೆ, ಹೊರಗೆ ಬಂದಾಗ ಬಿಚ್ಚಿಕೊಳ್ಳುತ್ತದೆ. ಸೇತುವೆ ಮೇಲೆ ಇನ್ನೊಂದು ಥರ, ಕೆಳಗೆಲ್ಲ ಟೊಳ್ಳು. ಕಣ್ಣು ಮುಚ್ಚಿ ಕಿವಿಯಲ್ಲೇ ಸುರಂಗ ಎಣಿಸುವ ಆಟ. ಮಗಳು ಇಪ್ಪತ್ತಮೂರಕ್ಕೆ ನಿದ್ದೆ ಹೋದಳು. ನಾವಿಬ್ಬರೂ ಬಿಡಲಿಲ್ಲ. ಬೆಟ್ಟ ಇಳಿದಾಗ ನನ್ನ ಲೆಕ್ಕ 48, ಇವರದು 61. ಮೋಟಾರಿನ ಸದ್ದು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳುವ ಮನುಷ್ಯ, ನಾಲ್ಕು ಸುರಂಗ ಜಾಸ್ತಿ ಹೇಳಿದ್ದನ್ನು ಇವತ್ತಿಗೂ ಒಪ್ಪುವುದಿಲ್ಲ. ಆಮೇಲೆ ಹಗಲು ರೈಲಿನಲ್ಲೂ ಹೋಗಿದ್ದೇವೆ. ಹಸಿರು, ಜಲಪಾತ, ಎಲ್ಲ ಚೆನ್ನಾಗಿದೆ. ನೆನಪಿರುವುದು ಮಾತ್ರ ಆ ಕಪ್ಪು ರಾತ್ರಿ.

2018ರ ಫೆಬ್ರವರಿಯಲ್ಲಿ ಮತ್ತೆ ಮಹಾಮಸ್ತಕಾಭಿಷೇಕ. ನಾನು ಬಾಯಿಬಿಡಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲಿಗೆ "ಇಂದು ರಜೆ" ಅಂತ ರಟ್ಟು ನೇತುಹಾಕಿ ಬಂದು, "ಬೆಳಗೊಳದ ಕಡೆ..." ಅಂದರು. "ಕೆಲಸ ಇದೆಯಾ?" ಅಂದೆ. "ಹೂಂ" ಅಂದರು. ಫೆಬ್ರವರಿಯಲ್ಲಿ ಆ ಅಂಗಡಿ ಮುಚ್ಚಿದ್ದು ಅದೇ ಮೊದಲು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಫೋನು. ಮೆಟ್ಟಿಲ ಮೇಲೆ ಪಕ್ಕಕ್ಕೆ ಕೂತು, ಯಾರಿಗೋ ಪಂಪಿನೊಳಗೆ ಗಾಳಿ ಸೇರಿದ್ದನ್ನು ಹೇಗೆ ತೆಗೆಯಬೇಕು ಅಂತ ಹತ್ತು ನಿಮಿಷ ಹೇಳಿಕೊಟ್ಟರು. ಹಿಂದಿನವರು ಬೈದುಕೊಂಡು ದಾಟಿಹೋದರು. ನನಗೆ ಮಂಡಿ ನೋಯುತ್ತಿತ್ತು, ಕೂರಲು ನೆಪ ಸಿಕ್ಕಿತು. ಮುಂದಿನದು 2030ಕ್ಕೆ. ಮಂಡಿಯನ್ನು ಕೇಳಬೇಕು.

ಮುಳ್ಳಯ್ಯನಗಿರಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲರೂ ಬರೆದಿದ್ದಾರೆ. 2022ರಲ್ಲಿ ಗಿರಿ ತುಂಬ ನೀಲಕುರಿಂಜಿ ಅರಳಿತ್ತು. ರಸ್ತೆ ತುಂಬ ಕಾರು. ಮಗಳು ಬೆಂಗಳೂರಿನಿಂದ ಬಂದಿದ್ದಳು, ಜೊತೆಗೆ 'ಆಫೀಸಿನ ಫ್ರೆಂಡ್' ಒಬ್ಬ. ಫ್ರೆಂಡ್ ನನ್ನ ಬ್ಯಾಗು, ನೀರಿನ ಬಾಟಲಿ, ಸ್ವೆಟರು ಎಲ್ಲ ಹೊತ್ತುಕೊಂಡಾಗಲೇ ನನಗೆ ಅರ್ಥವಾಗಿತ್ತು. ಇವರು ಮಾತ್ರ ಹೂವು ನೋಡುತ್ತಿದ್ದರು. ಇಳಿಯುವಾಗ ಮುಂದಿದ್ದ ಯಾರದೋ ಕಾರು ಕೆಟ್ಟು ಸಾಲೆಲ್ಲ ನಿಂತಿತು. ಇವರು ಇಳಿದು ಬಾನೆಟ್ ಎತ್ತಿಸಿದರು. ಆ ಹುಡುಗನೂ ಇಳಿದ. ಬಿಳಿ ಅಂಗಿಯ ತೋಳು ಮಡಿಸಿ ಕೈ ಹಾಕಿದ. ಅರ್ಧ ಗಂಟೆಗೆ ಇಬ್ಬರೂ ಮಸಿ ಬಳಿದುಕೊಂಡು ಬಂದರು. ರಾತ್ರಿ ಮಲಗುವ ಮುಂಚೆ ಇವರು, "ಹುಡುಗ ಪರವಾಗಿಲ್ಲ. ಸ್ಪ್ಯಾನರ್ ಹಿಡಿಯೋದು ತಿರುಗಾಮುರುಗಾ, ಹೇಳಿಕೊಡಬಹುದು" ಅಂದರು. ಅವರಿಗೂ ಅರ್ಥವಾಗಿತ್ತು ಅಂತಾಯಿತು.

ಮದುವೆ 2024ರಲ್ಲಿ ಹಾಸನದಲ್ಲೇ ಆಯಿತು. ಪರದೆಯ ಮೇಲೆ ಮೋಟಾರಿನ ಫೋಟೋಗಳೂ ಬಂದವು. ನೆಂಟರೆಲ್ಲ ನಕ್ಕರು.

2025ಕ್ಕೆ ನಮ್ಮ ಮದುವೆಗೆ ಮೂವತ್ತು. ಮೇ ತಿಂಗಳವರೆಗೆ ಕಾಯದೆ, ಕಾಫಿ ಹೂವಿನ ಹೊತ್ತಿಗೇ ಹೋಗಬೇಕು ಅಂತ ಮಗಳು ಅಳಿಯ ಫೆಬ್ರವರಿ ಕೊನೆಗೆ ಒಂದು ಹೋಮ್‌ಸ್ಟೇ ಗೊತ್ತುಮಾಡಿದರು. ಯಾವ ಊರು, ಎಷ್ಟು ಹೊತ್ತಿಗೆ ತಿಂಡಿ, ಎಲ್ಲಿ ಫೋಟೋ, ಎಲ್ಲ ಪಟ್ಟಿಯಲ್ಲಿತ್ತು. ಸಕಲೇಶಪುರ ದಾಟಿ ಗೇಟಿನ ಮುಂದೆ ಕಾರು ನಿಂತಾಗ ಇವರು ನನ್ನ ಕಡೆ ನೋಡಿದರು. ಅದೇ ಎಸ್ಟೇಟು. ಕೂಲಿಯವರ ಲೈನು ಮನೆಗಳಿದ್ದ ಕಡೆ ಕಾಟೇಜು ಬಂದಿವೆ. ಹುಲ್ಲುಹಾಸಿನ ನಡುವೆ ಒಂದು ಹಳೆಯ ಪಂಪಿಗೆ ಕೆಂಪು ಬಣ್ಣ ಬಳಿದು ಹೂಕುಂಡದ ಪಕ್ಕ ಇಟ್ಟಿದ್ದಾರೆ. ಇವರು ಅದರ ಸುತ್ತ ಎರಡು ಸುತ್ತು ಬಂದು ಬೆರಳಿನಿಂದ ತಟ್ಟಿದರು. ಏನೂ ಹೇಳಲಿಲ್ಲ.

ಹೂವು ಅರಳಿರಲಿಲ್ಲ. "ನಿನ್ನೆಯಿಂದ ನೀರು ಶುರು ಮಾಡಿದ್ದೀವಿ ಸಾರ್, ಇನ್ನು ಎಂಟು ಒಂಬತ್ತು ದಿನ ಬೇಕು" ಅಂದ ಎಸ್ಟೇಟು ನೋಡಿಕೊಳ್ಳುವ ಹುಡುಗ. ಆಗ ಕಾಫಿಗೆ ಹಿಂದೆಂದೂ ಇಲ್ಲದ ದರ ಇತ್ತು, ಅವನ ಮುಖದಲ್ಲೇ ಅವಸರ ಕಾಣುತ್ತಿತ್ತು. ಮಗಳಿಗೆ ಎರಡೇ ದಿನ ರಜೆ. ಮುಖ ಸಪ್ಪಗೆ ಮಾಡಿಕೊಂಡಳು. ರಾತ್ರಿ ಊಟಕ್ಕೆ ಅಕ್ಕಿ ರೊಟ್ಟಿ, ಕಳಲೆ ಉಪ್ಪಿನಕಾಯಿ, ಕೋಳಿ ಸಾರು. ಗುಡ್ಡದ ಮೇಲೆ ಚಕ್ ಚಕ್ ಸದ್ದು ಕೇಳುತ್ತಾ ಮಲಗಿದೆವು.

ಎರಡು ಗಂಟೆಗೆ ಎಚ್ಚರವಾಯಿತು. ಸದ್ದು ನಿಂತಿತ್ತು. ಪಕ್ಕಕ್ಕೆ ಕೈ ಹಾಕಿದರೆ ಹಾಸಿಗೆ ಖಾಲಿ. ಇವರು ಆಗಲೇ ಪ್ಯಾಂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಮಲಗೋ ಮುಂಚೆನೇ ಕೇಳಿಸ್ತು. ಬೇರಿಂಗ್ ಕೂಗ್ತಿತ್ತು" ಅಂದರು.

"ಆಗ್ಲೇ ಹೇಳಬಾರ್ದಿತ್ತಾ?"

"ಗೆಡ್ಡೆ ಬೈತಾಳೆ ಅಂತ ಸುಮ್ನಿದ್ದೆ."

ನಾನು ಸ್ವೆಟರ್ ಹುಡುಕಲಿಲ್ಲ. ಚಪ್ಪಲಿ ಮೆಟ್ಟಿ ಹಿಂದೆ ನಡೆದೆ. ಹಳ್ಳದ ಪಕ್ಕ ಹೊಸ ಪಂಪ್‌ಹೌಸು, ಕಾಂಕ್ರೀಟಿನದು. ಆ ಹುಡುಗ ಮೊಬೈಲಿನ ಬೆಳಕು ಹಿಡಿದು ಸ್ಟಾರ್ಟರನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಇವರು ಅವನ ಕೈ ಹಿಡಿದು ನಿಲ್ಲಿಸಿದರು. "ಒತ್ತಬೇಡಪ್ಪಾ, ಕಾಯಿಲ್ ಸುಟ್ಟುಹೋಗುತ್ತೆ. ಹೋಗಿ ಸ್ಪ್ಯಾನರ್ ತಗೊಂಡು ಬಾ. ಮೊಬೈಲ್ ಇವಳ ಕೈಗೆ ಕೊಡು."

ಇವರು ನೆಲದ ಮೇಲೆ ಮಂಡಿಯೂರಿದರು. ಈಗ ಕೂರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನಾನು ಬೆಳಕು ಹಿಡಿದು ನಿಂತೆ.

"ಬೆಳಕು ಅಲ್ಲಾಡ್ತಿದೆ" ಅಂದರು.

"ಚಳಿ ಕಣ್ರೀ" ಅಂದೆ.

ತಲೆಯೆತ್ತಲಿಲ್ಲ. ಹೆಗಲ ಮೇಲಿದ್ದ ಟವೆಲ್ ತೆಗೆದು ಹಿಂದಕ್ಕೆ ನನ್ನ ಕಡೆ ಎಸೆದರು.